ಅರಬ್ ನಾಡಲ್ಲಿ ಮಿಷನರಿಗಳು: ಆಸ್ಪತ್ರೆ ಉಳೀತು, ಮತಾಂತರ ಯಾಕೆ ಆಗ್ಲಿಲ್ಲ?

ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಹುಡುಕೋದು ಕಷ್ಟ. ಬಹರೈನಲ್ಲಿ ದುಡಿದು ಬಂದವರ ಹತ್ರ ಮನಾಮದ ಅಮೇರಿಕನ್ ಮಿಷನ್ ಆಸ್ಪತ್ರೆ ಗೊತ್ತುಂಟಾ ಅಂತ ಕೇಳಿ ನೋಡಿ, ಗೊತ್ತುಂಟು ಅಂತಾರೆ. ಆದ್ರೆ ಅದನ್ನು ಶುರು ಮಾಡಿದವರು ಅರಬ್ ಮುಸ್ಲಿಮರನ್ನು ಕ್ರೈಸ್ತರನ್ನಾಗಿ ಮಾಡ್ಬೇಕು ಅಂತಲೇ ಮನೆಮಠ ಬಿಟ್ಟು ಅಮೇರಿಕದಿಂದ ಹಡಗು ಹತ್ತಿ ಬಂದವರು ಅಂದ್ರೆ ಹೆಚ್ಚಿನವರಿಗೆ ಆಶ್ಚರ್ಯ ಆಗ್ತದೆ. ಬಂದ ಕೆಲಸ ಆಗ್ಲಿಲ್ಲ, ಕ್ರೈಸ್ತರಾದವರು ಬೆರಳೆಣಿಕೆ. ಆದ್ರೂ ಆಸ್ಪತ್ರೆ ನೂರು ವರ್ಷ ದಾಟಿ ಇವತ್ತಿಗೂ ನಡೀತಾ ಉಂಟು, ಅದೂ ಮುಸ್ಲಿಂ ರಾಜಮನೆತನ ಆಳುವ ದೇಶದಲ್ಲಿ, ಆ ದೇಶದವರ ಗೌರವ ಇಟ್ಕೊಂಡೇ.

ಇದು ಹೇಗಾಯ್ತು ಅಂತ ಸ್ವಲ್ಪ ವಿವರವಾಗಿ ಬರಿಯೋಣ ಅನ್ನಿಸ್ತು, ಯಾಕಂದ್ರೆ ಮಿಷನರಿ ಅಂದ ಕೂಡ್ಲೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡೇ ಥರದ ಮಾತು ಬರೋದು, ಒಂದೋ ಅವರು ಮೋಸದಿಂದ ಊರಿಗೆ ಊರನ್ನೇ ಮತಾಂತರ ಮಾಡುವ ಗ್ಯಾಂಗ್ ಅಂತ, ಇಲ್ಲಾಂದ್ರೆ ಅವರೆಲ್ಲ ಸಂತರು ಅಂತ. ಎರಡನ್ನೂ ಫಾರ್ವರ್ಡ್ ಮಾಡುವವರು ನಮ್ಮ ಪಕ್ಕದ ಮನೆಯವರೇ. ಮೂರು ಧರ್ಮದವರು ಒಂದೇ ಬಸ್ಸಲ್ಲಿ ಹೋಗುವ ಊರಲ್ಲಿ ಇಂಥ ವಿಷಯವನ್ನು ಸರಿಯಾಗಿ ತಿಳ್ಕೊಂಡು ಮಾತಾಡ್ಬೇಕು ಅಂತ ನನಗೆ ನಿಜವಾಗಿ ಅನ್ನಿಸ್ತದೆ.

ಮೊದಲು ನಮ್ಮ ಜಿಲ್ಲೆಯ ಲೆಕ್ಕ ನೋಡುವ. 2011ರ ಜನಗಣತಿ ಪ್ರಕಾರ ಕಾಸರಗೋಡು ಜಿಲ್ಲೆಯಲ್ಲಿ ಮುಸ್ಲಿಮರು ಶೇ. 37ರಷ್ಟು, ಕ್ರೈಸ್ತರು ಶೇ. 7ಕ್ಕಿಂತ ಸ್ವಲ್ಪ ಕಡಿಮೆ. ಆ ಕ್ರೈಸ್ತರು ಎಲ್ಲಿಂದ ಬಂದವರು? ಬೇಳ, ಕಯ್ಯಾರು, ಮಂಜೇಶ್ವರದ ಕಡೆ ಇರುವವರು ಕೊಂಕಣಿ ಮಾತಾಡುವ ಕ್ಯಾಥೊಲಿಕರು, ಅವರ ಹಿರಿಯರು ಗೋವಾದಿಂದ ದಕ್ಷಿಣಕ್ಕೆ ಬಂದು ಕೃಷಿ ಮಾಡಿದವರು. ಪೂರ್ವದ ಗುಡ್ಡೆಗಳಲ್ಲಿ, ರಾಜಪುರಂ, ವೆಳ್ಳರಿಕುಂಡ್ ಕಡೆ ಇರುವವರು ತಿರುವಾಂಕೂರಿನಿಂದ ವಲಸೆ ಬಂದ ಸಿರಿಯನ್ ಕ್ರೈಸ್ತರು, ರಾಜಪುರಂಗೆ ಅವರು ಬಂದದ್ದು 1943ರಲ್ಲಿ, ಈಗಿನ ರಬ್ಬರ್ ತೋಟ ಎಲ್ಲ ಆ ವಲಸೆಯ ಮೇಲೆ ನಿಂತದ್ದು. ಇನ್ನು ಸ್ವಲ್ಪ ಜನ ಪ್ರೊಟೆಸ್ಟೆಂಟರು. ಅಂದ್ರೆ ಇಲ್ಲಿಯ ಇಗರ್ಜಿಗಳು ತುಂಬಿದ್ದು ವಲಸೆಯಿಂದ, ಇಲ್ಲಿಯ ಮುಸ್ಲಿಮರಾದ ಮಾಪಿಳ್ಳೆಯರೋ ಬ್ಯಾರಿಗಳೋ ಧರ್ಮ ಬಿಟ್ಟು ಬಂದು ತುಂಬಿದ್ದಲ್ಲ. ಮುಸ್ಲಿಮರ ನಡುವೆ ಮಿಷನರಿ ಕೆಲಸ ಕರಾವಳಿಯಲ್ಲಿ ಆಗ್ಲೇ ಇಲ್ಲ ಅಂತಲ್ಲ, ಆದದ್ದುಂಟು, ಫಲ ಮಾತ್ರ ಸಿಗ್ಲಿಲ್ಲ.

ನಮಗೆಲ್ಲ ಗೊತ್ತಿರುವ ಬಾಸೆಲ್ ಮಿಷನ್‌ನ ಕಥೆಯಲ್ಲಿ ಒಂದು ಭಾಗವನ್ನು ನಾವು ಹೇಳೋದೇ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಶುರುವಾದ ಈ ಸಂಘ ಮಂಗಳೂರಿಗೆ ಬರುವ ಮೊದಲೇ ಮುಸ್ಲಿಂ ಪ್ರದೇಶದಲ್ಲಿ ಕೆಲಸ ಮಾಡಿ ನೋಡಿತ್ತು. 1820ರ ದಶಕದಲ್ಲಿ ಅವರ ಮಿಷನರಿಗಳು ಕಾಕಸಸ್ ಬೆಟ್ಟದ ಸೀಮೆಯ ಶುಶಾ ಅನ್ನುವ ಊರಲ್ಲಿ ನೆಲೆ ಮಾಡಿದ್ರು, ಈಗಿನ ಅಜರ್ಬೈಜಾನಿನ ಕರಾಬಾಖ್ ಅಂತ ನ್ಯೂಸಲ್ಲಿ ಕೇಳ್ತೇವಲ್ಲ, ಅಲ್ಲೇ. ಆಗ ಅದು ರಷ್ಯಾದ ಕೈಯಲ್ಲಿತ್ತು. 1835ರಲ್ಲಿ ರಷ್ಯಾದ ಚಕ್ರವರ್ತಿ ಒಂದನೇ ನಿಕೋಲಸ್ ಆ ಕೆಲಸವನ್ನು ನಿಲ್ಲಿಸಿಬಿಟ್ಟ. ನಿಲ್ಲಿಸಿದ್ದು ಮುಸ್ಲಿಂ ದೊರೆ ಅಲ್ಲ, ಕ್ರೈಸ್ತ ಚಕ್ರವರ್ತಿ, ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ. ಅಷ್ಟರಲ್ಲಿ ಬ್ರಿಟಿಷ್ ಸಂಸತ್ತು 1833ರ ಚಾರ್ಟರ್ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಂಡಿಯಾದ ಬಾಗಿಲು ತೆರೆದಿತ್ತು, 1834ರ ಅಕ್ಟೋಬರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು ಮಂಗಳೂರಿಗೆ ಬಂದಿಳಿದ್ರು.

ಶುಶಾದಲ್ಲಿ ಇದ್ದವರಲ್ಲಿ ಒಬ್ಬ ಕಾರ್ಲ್ ಗಾಟ್ಲೀಬ್ ಫ್ಯಾಂಡರ್. ಪರ್ಷಿಯನ್ ಚೆನ್ನಾಗಿ ಬಲ್ಲವ, ಕುರಾನ್ ಓದಿದವ, ಇಸ್ಲಾಂಗಿಂತ ಕ್ರೈಸ್ತಧರ್ಮ ಯಾಕೆ ಸರಿ ಅಂತ ವಾದ ಮಾಡುವ 'ಮೀಜಾನುಲ್ ಹಕ್' ಅನ್ನುವ ಪುಸ್ತಕ ಬರೆದವ. ಶುಶಾ ಮುಚ್ಚಿದ ಮೇಲೆ ಅವನು ಉತ್ತರ ಇಂಡಿಯಾಕ್ಕೆ ಬಂದ, ಆ ಪುಸ್ತಕ ಉರ್ದುವಿಗೂ ಬಂತು, ಉಲೇಮಾಗಳಿಗೆ, ಅಂದ್ರೆ ಇಸ್ಲಾಂ ಪಂಡಿತರಿಗೆ, ಕಾಗದ ಬರೆದು ವಾದಕ್ಕೆ ಕರಿಯುವ ಕ್ರಮ ಶುರುವಾಯ್ತು. 1854ರ ಏಪ್ರಿಲ್ 10 ಮತ್ತು 11ಕ್ಕೆ ಆಗ್ರಾದಲ್ಲಿ ದೊಡ್ಡ ಸಭೆ ಸೇರಿತು. ಎದುರು ಪಕ್ಷದಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನವಿ, ಅವರ ಜೊತೆಗೆ ಡಾಕ್ಟರ್ ವಜೀರ್ ಖಾನ್. ಫ್ಯಾಂಡರ್‌ಗೆ ಇಸ್ಲಾಂ ಬಗ್ಗೆ ಓದಿದ ಬಲ ಇತ್ತು, ಆದ್ರೆ ಇವರು ಯುರೋಪಿನ ಪಂಡಿತರೇ ಬೈಬಲಿನ ಪಾಠಭೇದಗಳ ಬಗ್ಗೆ ಬರೆದ ಹೊಸ ಹೊಸ ಪುಸ್ತಕಗಳನ್ನು ತರಿಸಿ ಓದ್ಕೊಂಡು ಬಂದಿದ್ರು! ಬೈಬಲಿನ ಕೆಲವು ವಾಕ್ಯಗಳು ನಕಲು ಮಾಡುವಾಗ ಬದಲಾದದ್ದು ಹೌದು ಅಂತ ಫ್ಯಾಂಡರ್ ಆ ಸಭೆಯಲ್ಲೇ ಒಪ್ಪಬೇಕಾಯ್ತು, ಅದರಿಂದ ಮೂಲ ಬೋಧನೆಗೆ ಏನೂ ಆಗ್ಲಿಲ್ಲ ಅಂತ ಅವನ ವಾದ, ಒಂದು ಕಡೆ ಬದಲಾದ್ರೆ ಉಳಿದದ್ದನ್ನು ಹೇಗೆ ನಂಬೋದು ಅಂತ ಇವರದ್ದು. ಸಭೆ ಅಲ್ಲಿಗೇ ನಿಂತಿತು, ಎರಡೂ ಕಡೆಯವರು ಗೆದ್ದದ್ದು ನಾವೇ ಅಂತ ಬರ್ಕೊಂಡ್ರು. 1857ರ ದಂಗೆ ಆದ ಮೇಲೆ ಕೈರಾನವಿ ಬ್ರಿಟಿಷರಿಂದ ತಪ್ಪಿಸಿಕೊಂಡು ಮಕ್ಕಾ ಸೇರಿದ್ರು, ಅಲ್ಲಿ ಸೌಲತಿಯಾ ಮದ್ರಸಾ ಕಟ್ಟಿದ್ರು, ಫ್ಯಾಂಡರ್‌ಗೆ ಉತ್ತರವಾಗಿ 'ಇಝ್‌ಹಾರುಲ್ ಹಕ್' ಬರೆದ್ರು. ದಕ್ಷಿಣ ಆಫ್ರಿಕಾದ ಅಹ್ಮದ್ ದೀದಾತ್ ಅವರ ಭಾಷಣದ ಕ್ಯಾಸೆಟ್ಟು ಗಲ್ಫಿಂದ ನಮ್ಮೂರಿಗೂ ಬರ್ತಿತ್ತು, ಅವರು ವಾದಕ್ಕೆ ಇಳಿಯೋದಕ್ಕೆ ಕಾರಣವಾದದ್ದು ಇದೇ ಪುಸ್ತಕ ಅಂತ ಅವರೇ ಹೇಳಿದ್ದಾರೆ. ಈಗ ಯೂಟ್ಯೂಬಲ್ಲಿ ಬೈಬಲ್ ಕುರಾನ್ ಡಿಬೇಟ್ ಅಂತ ನೋಡ್ತೀರಲ್ಲ, ಅದರ ಪ್ರಶ್ನೆಗಳಲ್ಲಿ ಬಹಳಷ್ಟು ಆಗ್ರಾದಲ್ಲಿ ಕೇಳಿದ ಪ್ರಶ್ನೆಗಳೇ.

ವಾದದಿಂದ ಯಾಕೆ ಕೆಲಸ ಆಗ್ಲಿಲ್ಲ? ಕಾರಣ ನಂಬಿಕೆಯ ಒಳಗೇ ಉಂಟು. ಮುಸ್ಲಿಮರಿಗೆ ಏಸು ಹೊಸಬ ಅಲ್ಲ. ಈಸಾ ನಬಿ ಅಂತ ಚಿಕ್ಕ ಮಕ್ಕಳೂ ಮದ್ರಸಾದಲ್ಲಿ ಕಲೀತಾರೆ. ಕುರಾನಿನಲ್ಲಿ ಹೆಸರು ಹೇಳಿ ಕರೆದ ಒಬ್ಬಳೇ ಹೆಂಗಸು ಮರ್ಯಮ್, 19ನೇ ಅಧ್ಯಾಯಕ್ಕೆ ಅವಳದ್ದೇ ಹೆಸರು. ಕನ್ಯೆಯಲ್ಲಿ ಹುಟ್ಟಿದ್ದು, ಕುರುಡರಿಗೆ ಕಣ್ಣು ಕೊಟ್ಟದ್ದು, ಕುಷ್ಠ ಗುಣ ಮಾಡಿದ್ದು, ಇದನ್ನೆಲ್ಲ ಅವರು ಒಪ್ತಾರೆ. ಒಪ್ಪದ್ದು ಎರಡು ಮುಖ್ಯ ವಿಷಯ. ಈಸಾ ದೇವರ ಮಗ ಅನ್ನೋದನ್ನು ಒಪ್ಪೋದಿಲ್ಲ, ಅಲ್ಲಾಹುವಿಗೆ ಪಾಲುದಾರರನ್ನು ಹೇಳೋದು ಅವರಿಗೆ ಎಲ್ಲಕ್ಕಿಂತ ದೊಡ್ಡ ಪಾಪ. ಈಸಾ ಶಿಲುಬೆಯಲ್ಲಿ ಸತ್ತರು ಅನ್ನೋದನ್ನೂ ಒಪ್ಪೋದಿಲ್ಲ. ಕ್ರೈಸ್ತನಿಗೆ ಪ್ರಾಣಕ್ಕೆ ಪ್ರಾಣವಾದ ಎರಡು ಮಾತು ಇವೇ ಆದ್ದರಿಂದ ಜಗಳ ಆಗೋದು ಸರೀ ಅಲ್ಲೇ. ನಮ್ಮನೆ ಅಜ್ಜನ ಕಥೆಯನ್ನು ಹೊರಗಿನವ ಬಂದು ನಮಗೇ ಬೇರೆ ಥರ ಹೇಳಿದ್ರೆ ಹೇಗಾಗ್ತದೆ, ಹಾಗೆ. ಏಸುವಿನ ಹೆಸರೇ ಕೇಳದ ಊರಿಗೆ ಹೋದ ಮಿಷನರಿಗೆ ಕಥೆ ಹೇಳಿದ್ರೆ ಸಾಕಾಗ್ತಿತ್ತು, ಇಲ್ಲಿ ಮೊದಲು ಕೇಳುವವನ ಹತ್ರ ಇರುವ ಕಥೆ ತಪ್ಪು ಅಂತ ಹೇಳ್ಬೇಕಾಗ್ತಿತ್ತು, ಅಷ್ಟು ಹೇಳಿದ ಕೂಡ್ಲೆ ಆತ ಎದ್ದು ಹೋಗ್ತಿದ್ದ.

ಇನ್ನೊಂದು ಸಂಗತಿ, ಇಸ್ಲಾಮೂ ತನ್ನ ಮಾತನ್ನು ಹೊರಗಿನವರಿಗೆ ಹೇಳುವ ಧರ್ಮವೇ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಕಥೆ ನೆನಪು ಮಾಡ್ಕೊಳ್ಳಿ, ಹಿಜರಿ 22ರಲ್ಲಿ ಅರಬ್ ದೇಶದಿಂದ ಹಡಗಲ್ಲಿ ಬಂದ ಪ್ರಚಾರಕರು ಕಟ್ಟಿದ್ದು ಅಂತ ಪ್ರತೀತಿ. ಬೇರೆಯವರನ್ನು ತನ್ನ ಕಡೆಗೆ ಕರಿಯುವ ಅಭ್ಯಾಸ ಇರುವ ಸಮುದಾಯಕ್ಕೆ ತನ್ನನ್ನು ಕರಿಲಿಕ್ಕೆ ಬಂದವರಿಗೆ ಏನು ಉತ್ತರ ಕೊಡ್ಬೇಕು ಅಂತ ಮೊದಲೇ ಗೊತ್ತಿರ್ತದೆ, ಉಸ್ತಾದರ ಹತ್ರ ದರ್ಸಲ್ಲಿ ಕಲಿತವರು ಪ್ರತಿ ಊರಲ್ಲೂ ಇರ್ತಾರೆ.

ಇದಕ್ಕಿಂತ ಗಟ್ಟಿಯಾದ ಕಾರಣ ಸಮಾಜದ್ದು ಅಂತ ನನ್ನ ಅಭಿಪ್ರಾಯ. ಬಾಸೆಲ್ ಮಿಷನ್‌ಗೆ ಯಾರು ಸೇರಿದ್ರು ನೋಡಿ, ತುಳುನಾಡಲ್ಲಿ ಹೆಚ್ಚಾಗಿ ಬಿಲ್ಲವರು, ಮಲಬಾರಲ್ಲಿ ತೀಯರು ಮತ್ತು ಅವರಿಗಿಂತ ಕೆಳಗೆ ಅಂತ ಇಡಲ್ಪಟ್ಟ ಜಾತಿಯವರು. ದೇವಸ್ಥಾನದ ಒಳಗೆ ಬಿಡದ, ದೂರ ನಿಲ್ಲಿಸುವ ಕಾಲದಲ್ಲಿ ಅವರಿಗೆ ಶಾಲೆ, ಕೆಲಸ, ಎದುರು ಕೂತು ಮಾತಾಡುವ ಮರ್ಯಾದೆ ಸಿಕ್ತು ಅನ್ನೋದು ಸಣ್ಣ ವಿಷಯ ಅಲ್ಲ. ಮಾಪಿಳ್ಳೆಗೆ ಆ ಕಾರಣ ಇರ್ಲಿಲ್ಲ. ಅವನು ಬಡವ ಆಗಿರ್ಬಹುದು, ಆದ್ರೆ ಮಸೀದಿಯ ಸಾಲಲ್ಲಿ ಸಾಹುಕಾರನ ಪಕ್ಕ ನಿಂತು ನಮಾಜ್ ಮಾಡ್ತಿದ್ದ. ಮಲಬಾರಲ್ಲಿ ಜಾತಿಯ ಕಷ್ಟ ತಾಳ್ಲಿಕ್ಕಾಗದೆ ಇಸ್ಲಾಂಗೇ ಹೋದವರೂ ತುಂಬ ಇದ್ರು, ಅಂದ್ರೆ ಮಿಷನ್ ಕೊಡ್ತೇನೆ ಅಂದದ್ದರಲ್ಲಿ ಒಂದು ದೊಡ್ಡ ಪಾಲು ಇವರಿಗೆ ಮೊದಲೇ ಸಿಕ್ಕಿತ್ತು.

ಧರ್ಮ ಬಿಟ್ರೆ ಹೋಗುವುದೋ, ಎಲ್ಲವೂ. ಮಹಲ್ಲ್ ಜಮಾಅತ್, ಅಂದ್ರೆ ಒಂದು ಮಸೀದಿಗೆ ಸೇರಿದ ಮನೆಗಳ ಕೂಟ, ಏನು ಅಂತ ಇಲ್ಲಿ ಹುಟ್ಟಿ ಬೆಳೆದವರಿಗೆ ಹೇಳ್ಬೇಕಾಗಿಲ್ಲ, ನಿಕಾಹ್ ಅವರ ರಿಜಿಸ್ಟರಲ್ಲಿ, ಮಕ್ಕಳ ಮದ್ರಸಾ ಅವರದ್ದು, ಕೊನೆಗೆ ಖಬರ್‌ಸ್ಥಾನದಲ್ಲಿ ಮೂರು ಹಿಡಿ ಮಣ್ಣು ಹಾಕೋದೂ ಅವರೇ. ಆಚೆ ಹೋದವನಿಗೆ ಹೆಣ್ಣು ಕೊಡುವವರಿಲ್ಲ, ಆಸ್ತಿ ಇಲ್ಲ, ಹೆಂಡತಿ ತವರಿಗೆ ಹೋಗ್ತಾಳೆ. ಬ್ರಿಟಿಷರು 1850ರಲ್ಲಿ ಒಂದು ಕಾಯ್ದೆ ತಂದ್ರು, ಧರ್ಮ ಬದಲಿಸಿದ ಮಾತ್ರಕ್ಕೆ ಯಾರಿಗೂ ಪಿತ್ರಾರ್ಜಿತ ಆಸ್ತಿ ತಪ್ಪಬಾರ್ದು ಅಂತ. ಕಾಗದದಲ್ಲಿ ಹಕ್ಕು ಬಂತು, ಆದ್ರೆ ಊರಲ್ಲಿ ಬಾವಿಯ ನೀರು ಸೇದುವಾಗ ಎದುರಾಗುವ ಮುಖಗಳನ್ನು ಯಾವ ಕಾಯ್ದೆ ಬದಲಿಸ್ತದೆ. ಅರಬ್ ನಾಡಲ್ಲಿ ಆ ಕಾಯ್ದೆಯೂ ಇರ್ಲಿಲ್ಲ, ಅಲ್ಲಿ ಧರ್ಮ ಬಿಡೋದು ಜೀವಕ್ಕೇ ಅಪಾಯ ತರುವ ವಿಷಯ. ಒಬ್ಬನಿಗೆ ಮನಸ್ಸಿದ್ರೂ ಒಬ್ಬನೇ ಹೋಗ್ಬೇಕಾಗ್ತಿತ್ತು. ತುಳುನಾಡಲ್ಲಿ ಕುಟುಂಬ ಕುಟುಂಬವೇ ಸೇರಿದ್ದಕ್ಕೂ ಇದಕ್ಕೂ ಅಜಗಜಾಂತರ.

ಈಗ ಗಲ್ಫಿನ ಕಥೆಗೆ ಬರ್ತೇನೆ, ನನಗೆ ಬಹಳ ಆಸಕ್ತಿ ಇರುವ ಭಾಗ ಇದು.

1889ರಲ್ಲಿ ಅಮೇರಿಕದ ನ್ಯೂಜೆರ್ಸಿಯಲ್ಲಿ ಪಾದ್ರಿ ಓದು ಓದ್ತಿದ್ದ ಹುಡುಗರು ತಮ್ಮ ಪ್ರೊಫೆಸರ್ ಲ್ಯಾನ್ಸಿಂಗ್ ಜೊತೆ ಸೇರಿ ಅರೇಬಿಯನ್ ಮಿಷನ್ ಅಂತ ಶುರು ಮಾಡಿದ್ರು. ಜೇಮ್ಸ್ ಕ್ಯಾಂಟೈನ್, ಸ್ಯಾಮ್ಯುಯೆಲ್ ಜ್ವೆಮರ್ ಅಂತ ಮುಖ್ಯ ಇಬ್ಬರು. ಜ್ವೆಮರ್‌ಗೆ ಆಗ ಇಪ್ಪತ್ತೆರಡು ವಯಸ್ಸು. 1891ರಲ್ಲಿ ಬಸ್ರಾ, ಮುಂದಿನ ವರ್ಷದ ಕೊನೆಗೆ ಬಹರೈನ್, 1893ರಲ್ಲಿ ಮಸ್ಕತ್. ಆಗ ಅಲ್ಲಿ ಎಣ್ಣೆ ಸಿಕ್ಕಿರ್ಲಿಲ್ಲ, ಮುತ್ತು ತೆಗೆದು ಬೊಂಬಾಯಿಗೆ ಕಳಿಸಿ ಬದುಕುವ ಊರುಗಳು, ಖರ್ಜೂರ, ಮೀನು, ಸೆಕೆ, ಕುಡಿಲಿಕ್ಕೆ ಸರಿ ನೀರಿಲ್ಲ. ಅವರಿಗಿಂತ ಸ್ವಲ್ಪ ಮೊದಲು ಲಾಹೋರಿನ ಬಿಷಪ್ ಆಗಿದ್ದ ಥಾಮಸ್ ಫ್ರೆಂಚ್ ಅನ್ನುವ ಮುದುಕರು ಆ ಹುದ್ದೆ ಬಿಟ್ಟು ಒಬ್ಬರೇ ಮಸ್ಕತಿಗೆ ಬಂದು ಬೀದಿಯಲ್ಲಿ ಬೈಬಲ್ ಓದ್ತಿದ್ರು, ಕೆಲವೇ ತಿಂಗಳು, 1891ರ ಮೇ ತಿಂಗಳ ಬಿಸಿಲಿಗೆ ತೀರಿಕೊಂಡ್ರು. ಜ್ವೆಮರ್ ತಮ್ಮ ಪೀಟರ್ ಮಸ್ಕತಲ್ಲಿ ಗುಲಾಮರ ಹಡಗಿನಿಂದ ಬಿಡಿಸಿದ 18 ಆಫ್ರಿಕನ್ ಹುಡುಗರನ್ನು ಸಾಕಿ ಶಾಲೆ ನಡೆಸಿದ, ಕಾಯಿಲೆ ಬಿದ್ದು 1898ರಲ್ಲಿ ತೀರಿಕೊಂಡ. ಜ್ವೆಮರ್ ದಂಪತಿಯ ಇಬ್ಬರು ಹೆಣ್ಣುಮಕ್ಕಳು 1904ರ ಜುಲೈಯಲ್ಲಿ ಬಹರೈನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹೋದ್ರು. ಅಪ್ಪ ಅಮ್ಮ ಮಕ್ಕಳನ್ನು ಅಲ್ಲೇ ಮಣ್ಣು ಮಾಡಿ ಕೆಲಸ ಮುಂದುವರಿಸಿದ್ರು. ಅವರ ನಂಬಿಕೆ ನಮಗೆ ಒಪ್ಪಿಗೆಯಾಗ್ಲಿ ಬಿಡ್ಲಿ, ದುಡ್ಡಿಗೋಸ್ಕರ ಬಂದವರು ಇವರು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರೋದಿಲ್ಲ.

ಶುರುವಿಗೆ ಅವರೂ ಬೈಬಲ್ ಅಂಗಡಿಯನ್ನೇ ನಂಬಿದ್ದು. ಪೇಟೆಯಲ್ಲಿ ಒಂದು ಕೋಣೆ, ಬೇರೂತಿನಲ್ಲಿ ಅಚ್ಚಾದ ಅರಬ್ಬಿ ಬೈಬಲುಗಳು, ಬಂದವರ ಜೊತೆ ಮಾತು. ಪುಸ್ತಕ ಕೊಳ್ಳುವವರಿದ್ರು, ವಾದ ಮಾಡುವವರಿದ್ರು, ಕಲ್ಲು ಹೊಡಿಯುವವರೂ ಇದ್ರು. ಆದ್ರೆ ಜನ ತಾವಾಗಿ ಹುಡುಕಿ ಬಂದದ್ದು ಔಷಧಿಗೆ. 1903ರಲ್ಲಿ ಬಹರೈನಲ್ಲಿ ಮೇಸನ್ ಮೆಮೋರಿಯಲ್ ಆಸ್ಪತ್ರೆ ತೆರೀತು, ಇವತ್ತಿನ ಅಮೇರಿಕನ್ ಮಿಷನ್ ಆಸ್ಪತ್ರೆಯ ಮೂಲ ಅದು.

ಅಂಥ ಒಂದು ಆಸ್ಪತ್ರೆಯ ಬೆಳಿಗ್ಗೆ ಹೇಗಿರ್ತಿತ್ತು ಅಂದ್ರೆ, ಬೆಳಕು ಹರಿಯುವ ಮೊದಲೇ ಜಗಲಿಯಲ್ಲಿ ಚಾಪೆ ಹಾಕಿ ಜನ ಕೂತಿರ್ತಾರೆ. ಮುತ್ತಿಗೆ ಮುಳುಗಿ ಮುಳುಗಿ ಕಿವಿ ಹಾಳಾದವರು, ಕಣ್ಣಿಗೆ ಪೊರೆ ಬಂದು ಮೊಮ್ಮಗನ ಹೆಗಲು ಹಿಡಿದು ಬಂದ ಮುದುಕರು, ಒಂಟೆ ಮೇಲೆ ದಿನಗಟ್ಲೆ ಬಂದ ಬದೂಗಳು. ಡಾಕ್ಟರು ನೋಡುವ ಮೊದಲು ಒಬ್ಬರು ಎದ್ದು ಅರಬ್ಬಿಯಲ್ಲಿ ಸುವಾರ್ತೆಯ ಒಂದು ಭಾಗ ಓದ್ತಾರೆ, ನಾಲ್ಕು ಮಾತು ಹೇಳ್ತಾರೆ, ಪ್ರಾರ್ಥನೆ ಮಾಡ್ತಾರೆ. ಜನ ಮರ್ಯಾದೆಯಿಂದ ಕೇಳ್ತಾರೆ. ಆಮೇಲೆ ಔಷಧಿ ತಗೊಂಡು ಅಲ್‌ಹಮ್ದುಲಿಲ್ಲಾ ಹೇಳಿ ಮನೆಗೆ ಹೋಗ್ತಾರೆ. ವರ್ಷಗಟ್ಲೆ ಇದೇ ಕ್ರಮ. ಗುಣ ಮಾಡಿದ್ದು ಅಲ್ಲಾಹು, ಡಾಕ್ಟರು ಅವನು ಕಳಿಸಿದ ಒಳ್ಳೆಯ ಮನುಷ್ಯ, ರೋಗಿಗೆ ಅದರಲ್ಲಿ ಗೊಂದಲವೇ ಇರ್ಲಿಲ್ಲ.

ಹೆಂಗಸರ ವಿಷಯ ಪ್ರತ್ಯೇಕ ಹೇಳ್ಬೇಕು. ಗಂಡಸು ಡಾಕ್ಟರಿಗೆ ತೋರಿಸದ ಸಮಾಜದಲ್ಲಿ ಹೆರಿಗೆಯಲ್ಲಿ ಸಾಯುವವರು ಎಷ್ಟೋ. 1912ರಲ್ಲಿ ಕುವೈತಿಗೆ ಎಲಿನಾರ್ ಕಾಲ್ವರ್ಲಿ ಅನ್ನುವ ಡಾಕ್ಟರಮ್ಮ ಬಂದ್ರು, ಆ ಊರು ಕಂಡ ಮೊದಲ ಮಹಿಳಾ ವೈದ್ಯೆ. ಶುರುವಲ್ಲಿ ನಂಬಿಕೆ ಇಲ್ಲ, ಬೇರೆ ಧರ್ಮದವಳ ಕೈಯ ಔಷಧಿ ಕುಡಿಯೋದು ಹೇಗೆ ಅಂತ. ಅಂತಃಪುರದ ಒಳಗೆ ಹೋಗ್ಲಿಕ್ಕೆ ಆದದ್ದು ಅವರಿಗೆ ಮಾತ್ರ, ಹಾಗಾಗಿ ಅಲ್ಲಿಯ ಹೆಂಗಸರ ಬದುಕನ್ನು ಹತ್ತಿರದಿಂದ ಕಂಡ ಹೊರಗಿನವರಲ್ಲಿ ಮೊದಲಿಗರು ಇಂಥ ಡಾಕ್ಟರಮ್ಮಂದಿರೇ. 1919ರಲ್ಲಿ ಹೆಂಗಸರಿಗೆ ಬೇರೆಯೇ ಆಸ್ಪತ್ರೆ ಆಯ್ತು. 1920ರಲ್ಲಿ ಜಹರಾ ಯುದ್ಧ ಆದಾಗ ಗಾಯಗೊಂಡ ಕುವೈತಿ ಸೈನಿಕರನ್ನು ತಂದು ಮಲಗಿಸಿದ್ದು ಮಿಷನ್ ಆಸ್ಪತ್ರೆಯಲ್ಲೇ, ಡಾಕ್ಟರ್ ಮೈಲ್ರಿ ಹಗಲು ರಾತ್ರಿ ಹೊಲಿಗೆ ಹಾಕಿದ್ರು. ಅಷ್ಟಾದ ಮೇಲೆ ಇವರು ನಮ್ಮವರು ಅಂತ ಕುವೈತಿಗಳಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ದೊರೆಯ ಪಾತ್ರ ಅರ್ಥ ಮಾಡ್ಕೊಳ್ಬೇಕು. ಮಿಷನರಿ ಯಾರದ್ದೋ ದೇಶಕ್ಕೆ ನುಗ್ಗಿ ಏನು ಬೇಕಾದ್ರೂ ಮಾಡ್ತಿದ್ದ ಅನ್ನುವ ಕಲ್ಪನೆ ಗಲ್ಫಿನ ಮಟ್ಟಿಗೆ ಸರಿ ಇಲ್ಲ. ಕುವೈತಿನಲ್ಲಿ ಡಾಕ್ಟರ್ ಬೇಕು ಅಂತ ಕರೆಸಿದವರು ಶೇಖ್ ಮುಬಾರಕ್. 1917ರಲ್ಲಿ, ಮುಂದೆ ಸೌದಿಯ ದೊರೆಯಾದ ಇಬ್ನ್ ಸೌದ್, ಮಿಷನ್‌ನ ಡಾಕ್ಟರ್ ಪಾಲ್ ಹ್ಯಾರಿಸನ್ ಅವರನ್ನು ರಿಯಾದಿಗೇ ಕರೆಸಿದ್ರು, ಅಲ್ಲಿ ಚಿಕಿತ್ಸೆ ಮಾಡ್ಬಹುದು, ಉಳ್ಕೊಳ್ಳುವ ಹಾಗಿಲ್ಲ. 1960ರಲ್ಲಿ ಅಬುಧಾಬಿಯ ಅಲ್ ಐನಲ್ಲಿ ಅಲ್ಲಿಯ ಆಳುವ ಮನೆತನದ ಶೇಖ್ ಜಾಯಿದ್ ಮತ್ತು ಅವರ ಅಣ್ಣ ಶೇಖ್ ಶಖ್‌ಬೂತ್ ಕೆನಡಿ ಅನ್ನುವ ಅಮೇರಿಕನ್ ಡಾಕ್ಟರ್ ದಂಪತಿಯನ್ನು ಕರೆದು, ಮಣ್ಣಿನ ಗೋಡೆಯ ಅತಿಥಿಗೃಹ ಬಿಟ್ಟುಕೊಟ್ಟು ಆಸ್ಪತ್ರೆ ಮಾಡಿ ಅಂದ್ರು, ಯಾಕಂದ್ರೆ ಆ ಊರಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ಬದುಕ್ತಿರ್ಲಿಲ್ಲ. ಈಗ ಕನಾದ್ ಆಸ್ಪತ್ರೆ ಅಂತ ಹೆಸರಾದದ್ದು ಅದೇ. ಬಾಗಿಲು ತೆಗೆಯೋದೂ ಮುಚ್ಚೋದೂ ದೊರೆಯ ಕೈಯಲ್ಲೇ ಇತ್ತು, ಅವನಿಗೆ ಡಾಕ್ಟರ್ ಬೇಕಿತ್ತು, ಮತಪ್ರಚಾರವನ್ನು ಒಂದು ಮಿತಿಯ ತನಕ ಸಹಿಸ್ಕೊಳ್ತಿದ್ದ. ಬ್ರಿಟಿಷ್ ಅಧಿಕಾರಿಗಳೂ ಅಮೇರಿಕದ ಈ ಪಾದ್ರಿಗಳ ಮೇಲೆ ಕಣ್ಣಿಟ್ಟೇ ಇದ್ರು, ಗಲಾಟೆ ಆದ್ರೆ ತಮ್ಮ ವ್ಯಾಪಾರಕ್ಕೆ ಪೆಟ್ಟು ಅಂತ. ಶುಶಾದಲ್ಲಿ ಕ್ರೈಸ್ತ ಚಕ್ರವರ್ತಿ ನಿಲ್ಲಿಸಿದ್ದು ಹೇಳಿದ್ನಲ್ಲ, ಇಂಡಿಯಾದಲ್ಲಿ 1858ರಲ್ಲಿ ರಾಣಿ ವಿಕ್ಟೋರಿಯಾ ಪ್ರಜೆಗಳ ಧರ್ಮದಲ್ಲಿ ಕೈ ಹಾಕೋದಿಲ್ಲ ಅಂತ ಘೋಷಣೆ ಮಾಡಿದ್ದೂ ಅದೇ ಹೆದರಿಕೆಯಿಂದ. ಸಾಮ್ರಾಜ್ಯಕ್ಕೂ ಮಿಷನ್‌ಗೂ ಸಂಬಂಧ ಇರ್ಲಿಲ್ಲ ಅಂತ ಹೇಳ್ತಾ ಇಲ್ಲ, ಹಡಗು, ರಕ್ಷಣೆ, ರಾಯಭಾರಿ ಎಲ್ಲ ಬೆನ್ನಿಗೆ ಇದ್ದದ್ದು ಹೌದು, ಆದ್ರೆ ಇಬ್ಬರ ಗುರಿ ಯಾವಾಗ್ಲೂ ಒಂದೇ ಆಗಿರ್ಲಿಲ್ಲ.

ಹಾಗಾದ್ರೆ ಔಷಧಿ ಅನ್ನೋದು ಗಾಳಕ್ಕೆ ಸಿಕ್ಕಿಸಿದ ಎರೆಯಾ? ಈ ಪ್ರಶ್ನೆ ಕೇಳೋದು ತಪ್ಪಲ್ಲ. ಬೇರೆ ಡಾಕ್ಟರೇ ಇಲ್ಲದ ಊರಲ್ಲಿ ನೋವಲ್ಲಿ ಇರುವವನನ್ನು ಕೂರಿಸಿ ಮೊದಲು ಸುವಾರ್ತೆ ಕೇಳಿಸೋದು, ಎಷ್ಟೇ ಮೃದುವಾಗಿ ಮಾಡಿದ್ರೂ, ಸಮಬಲದವರ ಮಾತುಕತೆ ಅಲ್ಲ. ನನಗೆ ಅದು ಸರಿ ಕಾಣೋದಿಲ್ಲ. ಮಿಷನರಿಗಳ ಒಳಗೇ ಈ ಬಗ್ಗೆ ಭಿನ್ನಾಭಿಪ್ರಾಯ ಇತ್ತು, ಸೇವೆ ಮಾಡೋದೇ ಸಾಕು, ಅದೇ ಸಾಕ್ಷಿ ಅಂತ ಕೆಲವರು, ಬಾಯಿ ಬಿಟ್ಟು ಹೇಳದೆ ಇದ್ರೆ ಬಂದದ್ದು ಯಾಕೆ ಅಂತ ಇನ್ನು ಕೆಲವರು. ಆದ್ರೆ ಇದನ್ನೂ ಹೇಳ್ಬೇಕು, ಕೇಳಿ ಒಪ್ಪದವನಿಗೆ ಔಷಧಿ ಇಲ್ಲ ಅನ್ನುವ ಶರ್ತ ಇರ್ಲಿಲ್ಲ. ದಶಕಗಟ್ಲೆ ಯಾರೂ ಒಪ್ಪದೇ ಇದ್ರೂ ಆಪರೇಶನ್ ನಿಲ್ಲಿಸ್ಲಿಲ್ಲ. ಬಲೂಚಿಸ್ತಾನದ ಕ್ವೆಟ್ಟಾದಲ್ಲಿ ಹೆನ್ರಿ ಹಾಲೆಂಡ್ ಅಂತ ಒಬ್ಬ ಮಿಷನ್ ಡಾಕ್ಟರ್ ಪ್ರತಿ ಚಳಿಗಾಲಕ್ಕೆ ಸಿಂಧಿನ ಶಿಕಾರ್‌ಪುರಕ್ಕೆ ಇಳಿದು ಸಾವಿರಗಟ್ಲೆ ಮುಸ್ಲಿಮರ, ಹಿಂದೂಗಳ ಕಣ್ಣಿನ ಪೊರೆ ತೆಗೀತಿದ್ರು. 1935ರ ಭೂಕಂಪದಲ್ಲಿ ಕಟ್ಟಡದ ಅಡಿ ಸಿಕ್ಕಿ ಬದುಕಿ ಬಂದು ಮತ್ತೆ ಅದೇ ಕೆಲಸಕ್ಕೆ ಕೂತ್ರು, 1960ರಲ್ಲಿ ಅವರಿಗೂ ಮಗನಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗಲ್ಫಿನ ಮಿಷನ್ ಕಾಲ ಮುಗಿದದ್ದು ಯಾರೋ ಓಡಿಸಿದ್ದರಿಂದ ಅಲ್ಲ, ಎಣ್ಣೆಯಿಂದ. 1932ರಲ್ಲಿ ಬಹರೈನಲ್ಲಿ ಎಣ್ಣೆ ಸಿಕ್ತು, ಆಮೇಲೆ ಕುವೈತ್, ಸೌದಿ. ದುಡ್ಡು ಬಂದ ಕೂಡ್ಲೆ ಸರ್ಕಾರಗಳು ದೊಡ್ಡ ದೊಡ್ಡ ಉಚಿತ ಆಸ್ಪತ್ರೆ ಕಟ್ಟಿದ್ವು, ಅದರ ಎದುರು ಮಿಷನ್ ಆಸ್ಪತ್ರೆ ನಡೆಸುವ ಅಗತ್ಯವೂ ಇರ್ಲಿಲ್ಲ, ಶಕ್ತಿಯೂ ಇರ್ಲಿಲ್ಲ. ಕುವೈತಿನದ್ದು 1967ರಲ್ಲಿ ಮುಚ್ಚಿತು, ಆ ಕಟ್ಟಡವನ್ನು ಒಡಿಯದೆ ಈಗ ಸಾಂಸ್ಕೃತಿಕ ಕೇಂದ್ರ ಮಾಡಿದ್ದಾರೆ, ಹೆಸರು ಅಮ್ರಿಕಾನಿ ಅಂತಲೇ. ಒಮಾನಲ್ಲಿ 1970ರಲ್ಲಿ ಸುಲ್ತಾನ್ ಕಾಬೂಸ್ ಬಂದ ಮೇಲೆ ಮಿಷನ್ ಆಸ್ಪತ್ರೆಗಳು ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ್ವು. ಅರೇಬಿಯನ್ ಮಿಷನ್ ಶುರು ಮಾಡಿದ್ದರಲ್ಲಿ ಬಹರೈನಿನದ್ದು ಮಾತ್ರ ಸ್ವತಂತ್ರವಾಗಿ ಉಳೀತು.

ನಮ್ಮ ಕಡೆ ಉಳಿದದ್ದರ ಬಗ್ಗೆ ಉದ್ದ ಬರಿಯೋದಿಲ್ಲ, ಜುಲೈ 1ರ ಪತ್ರಿಕಾ ದಿನ ಬಂದ್ರೆ ಎಲ್ಲರೂ ಬರೀತಾರೆ, 1843ರ ಮಂಗಳೂರ ಸಮಾಚಾರ ಪತ್ರಿಕೆ, ಅದನ್ನು ತಂದ ಮೊಗ್ಲಿಂಗ್, 1894ರ ಕಿಟೆಲ್ ನಿಘಂಟು ಅಂತ. ತಲಶ್ಶೇರಿಯಲ್ಲಿ ಇದ್ದ ಬಾಸೆಲ್ ಮಿಷನ್‌ನ ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರಲ್ಲಿ ಬಂದದ್ದನ್ನು ಗಡಿಯಲ್ಲಿ ಇರುವ ನಾವು ಸೇರಿಸಿ ಹೇಳ್ಬೇಕು, ಎರಡೂ ಭಾಷೆ ನಮ್ಮದೇ ಅಲ್ವಾ. ಹಳೇ ಮಸೀದಿ, ಹಳೇ ತರವಾಡು ಮನೆ, ಹಳೇ ಶಾಲೆ, ಯಾವುದರದ್ದಾದ್ರೂ ಮಾಡು ರಿಪೇರಿ ಆಗುವಾಗ ಇಳಿಸಿದ ಹೆಂಚನ್ನು ಮಗುಚಿ ನೋಡಿ, ಪಾಚಿ ಉಜ್ಜಿದ್ರೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತ ಇಂಗ್ಲಿಷ್ ಅಕ್ಷರದ ಅಚ್ಚು ಸಿಗುವ ಸಾಧ್ಯತೆ ಉಂಟು. ಮಂಗಳೂರಿನ ಜೆಪ್ಪುವಲ್ಲಿ 1865ರಲ್ಲಿ ಆ ಕಾರ್ಖಾನೆ ಶುರುವಾದದ್ದು ಧರ್ಮ ಬದಲಿಸಿ ಜಾತಿ ಕಸುಬು ಕಳ್ಕೊಂಡವರಿಗೆ ಕೂಲಿ ಬೇಕು ಅಂತ. ಅವರು ಸುಟ್ಟ ಹೆಂಚಿನ ಅಡಿಯಲ್ಲಿ ಕೂತು ಮಾಪಿಳ್ಳೆ ಮಕ್ಕಳು ಕುರಾನ್ ಕಲಿತ್ರು.

ಈಗಿನ ಸ್ಥಿತಿ ಏನು ಅಂತ ಗಲ್ಫಿಗೆ ಹೋಗುವ ನಮ್ಮ ಕ್ರೈಸ್ತ ಮಕ್ಕಳೂ ಉಳಿದವರೂ ತಿಳ್ಕೊಂಡಿರೋದು ಒಳ್ಳೇದು. ಗಲ್ಫಿನ ಇಗರ್ಜಿಗಳು ಈಗ ತುಂಬಿರೋದು ನಮ್ಮಂಥ ವಲಸೆಯವರಿಂದ, ಮಲಯಾಳಿ, ಫಿಲಿಪಿನೋ, ಗೋವಾ, ಮಂಗಳೂರು. ಬಹರೈನಿನ ಸೇಕ್ರೆಡ್ ಹಾರ್ಟ್ 1939ರದ್ದು, ದುಬೈಯ ಸೇಂಟ್ ಮೇರೀಸ್ 1967ರದ್ದು, ಕತಾರಿನ ಮೊದಲ ಕ್ಯಾಥೊಲಿಕ್ ಇಗರ್ಜಿ 2008ರದ್ದು, ಬಹರೈನಿನ ಅವಾಲಿಯ ಕೆಥೆಡ್ರಲ್ 2021ರದ್ದು. ಹೆಚ್ಚಿನದ್ದು ದೊರೆ ಕೊಟ್ಟ ಜಾಗದಲ್ಲಿ. ಸೌದಿಯಲ್ಲಿ ಇಗರ್ಜಿ ಇಲ್ಲ. ಉಳಿದ ಕಡೆ ಇಗರ್ಜಿಯ ಕಾಂಪೌಂಡ್ ಒಳಗೆ ಪೂಜೆ, ಪ್ರಾರ್ಥನೆ, ಮಕ್ಕಳಿಗೆ ಧರ್ಮಪಾಠ, ಎಲ್ಲ ಮಾಡ್ಬಹುದು, ಮುಸ್ಲಿಮರಿಗೆ ಮತಪ್ರಚಾರ ಮಾಡೋದು ಹೆಚ್ಚಿನ ದೇಶಗಳಲ್ಲಿ ಅಪರಾಧ. ರೂಮಲ್ಲಿರುವ ಗೆಳೆಯನಿಗೆ ಪ್ರೀತಿಯಿಂದಲೇ ಒಂದು ಪುಸ್ತಕ ಕೊಟ್ರೂ ಕೇಸಾಗಿ ಊರಿಗೆ ವಾಪಸ್ ಕಳಿಸುವ ತನಕ ಹೋಗ್ಬಹುದು.

ಇಂಡಿಯಾದಲ್ಲಿ ಹಾಗಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಮೂರೂ ಹಕ್ಕು ಎಲ್ಲರಿಗೂ ಕೊಡ್ತದೆ, ಮಿಷನರಿಗೂ ಉಸ್ತಾದರಿಗೂ ಭಜನಾ ಮಂಡಳಿಗೂ ಸಮಾನವಾಗಿ. ಪ್ರಸಾರ ಅಂದ್ರೆ ತನ್ನ ಧರ್ಮದ ವಿಷಯ ಹೇಳುವ ಹಕ್ಕು, ಇನ್ನೊಬ್ಬನನ್ನು ಮತಾಂತರ ಮಾಡುವುದೇ ಒಂದು ಹಕ್ಕು ಅಲ್ಲ ಅಂತ 1977ರ ಸ್ಟ್ಯಾನಿಸ್ಲಾಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೇಳಬಹುದು, ಒತ್ತಾಯ ಆಮಿಷ ಮೋಸ ಕೂಡದು. ಕೇರಳದಲ್ಲಿ ಇದಕ್ಕೆ ಪ್ರತ್ಯೇಕ ಮತಾಂತರ ಕಾಯ್ದೆ ಇಲ್ಲ, ತಲಪಾಡಿ ದಾಟಿದ್ರೆ ಕರ್ನಾಟಕದಲ್ಲಿ 2022ರಲ್ಲಿ ಒಂದು ಕಾಯ್ದೆ ತಂದ್ರು. ಹಾಗಾಗಿ ಮುಂದಿನ ಸಲ ಗ್ರೂಪಲ್ಲಿ ಇಂತಿಂಥ ಊರಲ್ಲಿ ಇಷ್ಟು ಜನ ಮತಾಂತರ ಅಂತ ಮೆಸೇಜ್ ಬಂದಾಗ ಯಾವ ಊರು, ಯಾರು ಹೇಳಿದ್ದು, ಅವರು ಒಪ್ಪಿ ಹೋದದ್ದಾ ಒತ್ತಾಯವಾ, ಅಲ್ಲಿ ಯಾವ ಕಾನೂನು ನಡೀತದೆ ಅಂತ ಇಷ್ಟು ವಿಚಾರಿಸಿ, ಆಮೇಲೆ ಫಾರ್ವರ್ಡ್ ಮಾಡ್ಬೇಕಾ ಬೇಡ್ವಾ ನೋಡಿ.